ಕ್ಯಾಥೊಲಿಕ್ ಬೋರ್ಡೋ, ಪಬ್ಲಿಕ್ ಬೋರ್ಡೋ? ಒಂಟಾರಿಯೊ ಕನ್ನಡಿಗರು ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕೆನಡಾದ ಒಂಟಾರಿಯೊಗೆ ಬಂದು ಬ್ರಾಂಪ್ಟನ್ನಿನಲ್ಲೋ ಮಿಸ್ಸಿಸಾಗಾದಲ್ಲೋ ಮನೆ ಮಾಡಿದ ನಮ್ಮವರು, ಮಗುವಿಗೆ ನಾಲ್ಕು ವರ್ಷ ಹತ್ತಿರವಾಗುತ್ತಿದ್ದಂತೆ ಕೇಳುವುದು ಇದನ್ನೇ: ಸೇರಿಸುವುದು ಕ್ಯಾಥೊಲಿಕ್ ಬೋರ್ಡಿನ ಶಾಲೆಗೋ, ಪಬ್ಲಿಕ್ ಬೋರ್ಡಿನದಕ್ಕೋ? ಬೋರ್ಡು ಎಂದರೆ ಇಲ್ಲಿ ಒಂದು ಪ್ರದೇಶದ ಶಾಲೆಗಳನ್ನು ನಡೆಸುವ ಮಂಡಳಿ. ಕ್ಯಾಥೊಲಿಕ್ ಶಾಲೆ ಎಂದಕೂಡಲೇ ಊರಿನ ಕಾನ್ವೆಂಟ್ ನೆನಪಾಗುತ್ತದೆ: ಫೀಸು ಹೆಚ್ಚು, ಶಿಸ್ತು ಹೆಚ್ಚು, ಓದೂ ಒಂದು ಕೈ ಮೇಲು. ಇಲ್ಲಿ ಆ ಲೆಕ್ಕಾಚಾರ ನಡೆಯುವುದಿಲ್ಲ. ಒಂಟಾರಿಯೊದಲ್ಲಿ ಕ್ಯಾಥೊಲಿಕ್ ಬೋರ್ಡಿನ ಶಾಲೆಯೂ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯೇ. 1867ರ ಸಂವಿಧಾನ ಕಾಯ್ದೆಯ 93ನೇ ಕಲಮು ಅದಕ್ಕೆ ರಕ್ಷಣೆ ಕೊಟ್ಟಿದೆ. ಬೋಧನಾ ಶುಲ್ಕವಿಲ್ಲ. ಗಣಿತ, ವಿಜ್ಞಾನ, ಭಾಷೆಗಳ ಪಠ್ಯಕ್ರಮ ಎರಡೂ ಕಡೆ ಪ್ರಾಂತ್ಯದ್ದೇ. 3 ಮತ್ತು 6ನೇ ತರಗತಿಯಲ್ಲಿ ಪ್ರಾಂತ್ಯದಾದ್ಯಂತ ನಡೆಯುವ ಇಕ್ಯುಎಒ ಪರೀಕ್ಷೆಯೂ ಒಂದೇ.

ಹಾಗಾದರೆ ವ್ಯತ್ಯಾಸ ಎಲ್ಲಿ? ಧರ್ಮದಲ್ಲಿ. ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯಲ್ಲಿ ದಿನ ಶುರುವಾಗುವುದೇ ಪ್ರಾರ್ಥನೆಯಿಂದ. ಧರ್ಮಬೋಧನೆ ಒಂದು ಪಾಠವಾಗಿಯೇ ಇರುತ್ತದೆ, ಶಾಲೆಯ ಪೂಜೆಗೆ ಪಾದ್ರಿಗಳು ಬರುತ್ತಾರೆ. 2ನೇ ತರಗತಿಯ ವರ್ಷವಿಡೀ ಪ್ರಥಮ ಪರಮಪ್ರಸಾದದ (ಫಸ್ಟ್ ಕಮ್ಯುನಿಯನ್) ತಯಾರಿಯ ಮಾತು. 7 ಅಥವಾ 8ರಲ್ಲಿ ದೃಢೀಕರಣ (ಕನ್ಫರ್ಮೇಶನ್) ಎಂಬ ಇನ್ನೊಂದು ಧಾರ್ಮಿಕ ವಿಧಿ. ಕ್ಯಾಥೊಲಿಕರಲ್ಲದ ಮಗುವಿಗೆ ಹೇಗೋ ಸೀಟು ಸಿಕ್ಕರೂ, ಆ ವರ್ಷ ಜೊತೆಯವರೆಲ್ಲ ಬಿಳಿ ಬಟ್ಟೆ ತೊಟ್ಟು ಸಾಲಿನಲ್ಲಿ ಹೋಗುವಾಗ ಅದೊಂದೇ ಬೆಂಚಿನಲ್ಲಿ ಉಳಿಯುತ್ತದೆ. ಏಳು ವರ್ಷದ ಮಗುವಿಗೆ ಅದು ಸಣ್ಣ ವಿಷಯವಲ್ಲ.

ಪ್ರವೇಶದ ನಿಯಮವೂ ಇದಕ್ಕೆ ತಕ್ಕಂತೆಯೇ ಇದೆ. ಪ್ರಾಥಮಿಕದಲ್ಲಿ ಸಾಮಾನ್ಯವಾಗಿ ಮಗುವಿನದೋ, ಕ್ಯಾಥೊಲಿಕ್ ಆಗಿರುವ ತಂದೆ ಇಲ್ಲವೇ ತಾಯಿಯದೋ ದೀಕ್ಷಾಸ್ನಾನದ ಪ್ರಮಾಣಪತ್ರ ಕೇಳುತ್ತಾರೆ. ಬೇರೆಯವರನ್ನು ಸೇರಿಸಿಕೊಳ್ಳುವುದು ಬಿಡುವುದು ಆಯಾ ಬೋರ್ಡಿಗೆ ಬಿಟ್ಟದ್ದು. ಸಿಎಸ್‌ಐನವರು (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟೆಂಟ್ ಸಭೆಯವರು) ಕ್ರೈಸ್ತರಾದರೂ ಈ ಲೆಕ್ಕಕ್ಕೆ ಕ್ಯಾಥೊಲಿಕರಲ್ಲ. ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಕುಟುಂಬಗಳು ಊರು ಬಿಡುವ ಮೊದಲೇ ತಮ್ಮ ಇಗರ್ಜಿಯಿಂದ ಪ್ರಮಾಣಪತ್ರ ತೆಗೆಸಿಕೊಳ್ಳುವುದು ಒಳ್ಳೆಯದು. ಸೀಟಿಗಾಗಿಯೇ ದೀಕ್ಷಾಸ್ನಾನ ಮಾಡಿಸಿದರೆ ಹೇಗೆ ಎಂದು ಕೇಳುವವರೂ ಇದ್ದಾರೆ. ಬೇಡ. ಅದು ಆ ಧರ್ಮಕ್ಕೂ ನಿಮ್ಮ ಮನೆಯ ನಂಬಿಕೆಗೂ ಮಾಡುವ ಅಗೌರವ.

ಜೊತೆಗೆ ಶಾಲಾ ತೆರಿಗೆಯ ಅರ್ಜಿಯೊಂದಿದೆ. ಮನೆ ಸ್ವಂತದ್ದಿರಲಿ ಬಾಡಿಗೆಯದಿರಲಿ, ನಿಮ್ಮ ಬೆಂಬಲ ಯಾವ ಬೋರ್ಡಿಗೆ ಎಂದು ಅದರಲ್ಲಿ ಬರೆಯಬೇಕು. ಇದರಿಂದ ಮನೆ ತೆರಿಗೆ ಹೆಚ್ಚುವುದೂ ಇಲ್ಲ, ಇಳಿಯುವುದೂ ಇಲ್ಲ.

ನನ್ನ ಅಭಿಪ್ರಾಯ ಇಷ್ಟು: ಭಾನುವಾರ ಪೂಜೆಗೆ ಹೋಗುವ ಕ್ಯಾಥೊಲಿಕ್ ಮನೆಯಾದರೆ ಕ್ಯಾಥೊಲಿಕ್ ಬೋರ್ಡು ನಿಜಕ್ಕೂ ಒಂದು ವರ. ಅಲ್ಲವಾದರೆ ಮನೆ ಹತ್ತಿರದ ಪಬ್ಲಿಕ್ ಶಾಲೆಯೇ ಸರಿ. ರ‍್ಯಾಂಕಿಂಗ್ ಪಟ್ಟಿ ನೋಡಿ ದೂರದ ಶಾಲೆಗೆ ಆಸೆಪಡಬೇಡಿ. ಯಾವ ಶಾಲೆ ಎಂಬುದು ಬಹುಪಾಲು ನಿಮ್ಮ ವಿಳಾಸದ ಮೇಲೇ ನಿಂತಿದೆ. ಹೊಸ ಬಡಾವಣೆಯಾದರೆ ತರಗತಿ ಪೋರ್ಟಬಲ್‌ನಲ್ಲಿ, ಅಂದರೆ ಶಾಲೆಯ ಅಂಗಳದಲ್ಲಿಟ್ಟ ತಾತ್ಕಾಲಿಕ ಕೋಣೆಯಲ್ಲಿ, ನಡೆಯುವುದೂ ಉಂಟು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಆ ವಿಳಾಸ ಕೊಟ್ಟು ಬೋರ್ಡಿನಲ್ಲಿ ಮೂರು ಪ್ರಶ್ನೆ ಕೇಳಿ: ಈ ಮನೆಗೆ ಯಾವ ಶಾಲೆ, ಬಸ್ಸು ಬರುತ್ತದೆಯೇ, ಶಾಲೆಗೆ ಮೊದಲು ಮತ್ತು ಆಮೇಲೆ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯಲ್ಲಿ ಜಾಗವಿದೆಯೇ? ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮೂರನೆಯದೇ ದೊಡ್ಡ ತಲೆನೋವು. ಫ್ರೆಂಚ್ ಇಮ್ಮರ್ಶನ್ (ಪಾಠದ ಬಹುಭಾಗ ಫ್ರೆಂಚ್‌ನಲ್ಲೇ ನಡೆಯುವ ವ್ಯವಸ್ಥೆ) ಬೇಕಿದ್ದರೆ ಅದು ಯಾವ ತರಗತಿಯಿಂದ, ಅರ್ಜಿಗೆ ಕೊನೆಯ ದಿನ ಯಾವುದು ಎಂದೂ ವಿಚಾರಿಸಿ. ಬೋರ್ಡಿನಿಂದ ಬೋರ್ಡಿಗೆ ಅದು ಬೇರೆ.

ಪ್ರೌಢಶಾಲೆಯ ಮಾತು ಬೇರೆ. 9ನೇ ತರಗತಿಯಿಂದ ಕ್ಯಾಥೊಲಿಕ್ ಪ್ರೌಢಶಾಲೆಗಳು ಎಲ್ಲ ಧರ್ಮದವರಿಗೂ ತೆರೆದಿವೆ.

ಯಾವ ಬೋರ್ಡಾದರೂ ನಮ್ಮವರು ಎಡವುವುದು ಲಸಿಕೆಯಲ್ಲಿ. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ 9 ತಿಂಗಳಿಗೆ ಹಾಕುವ ದಡಾರ-ರುಬೆಲ್ಲಾ ಚುಚ್ಚುಮದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಹುಟ್ಟುಹಬ್ಬದಂದು ಅಥವಾ ಆಮೇಲೆ ಹಾಕಿಸಿದ್ದೇ ಬೇಕು. ಊರಿನ ಆ ಚುಚ್ಚುಮದ್ದಿನಲ್ಲಿ ಮಂಗನಬಾವಿನ ಲಸಿಕೆಯೂ ಸೇರಿರುವುದಿಲ್ಲ. ಸೀತಾಳೆ ಸಿಡುಬು ಮತ್ತು ಮೆನಿಂಗೊಕಾಕಲ್ ಲಸಿಕೆಗಳೂ ಊರಿನ ಲಸಿಕೆ ಕಾರ್ಡಿನಲ್ಲಿ ಕಾಣುವುದು ಅಪರೂಪ. ಉಳಿದವನ್ನು ಇಲ್ಲಿ ಹಾಕಿಸಿ, ವಿವರವನ್ನು ನಿಮ್ಮ ಪ್ರದೇಶದ ಪಬ್ಲಿಕ್ ಹೆಲ್ತ್ ಕಚೇರಿಗೆ ನೀವೇ ತಿಳಿಸಬೇಕು. ಡಾಕ್ಟರು ಕಳಿಸಿರುತ್ತಾರೆ ಎಂದು ಸುಮ್ಮನಿದ್ದರೆ, ಮಗುವನ್ನು ತಾತ್ಕಾಲಿಕವಾಗಿ ಶಾಲೆಯಿಂದ ಹೊರಗಿಡುವ ನೋಟಿಸು ಮನೆಗೆ ಬರುತ್ತದೆ.