ಇಬ್ಬರು ಫ್ರಾಂಕೊ, ಒಂದು ಮರ್ಜ್

2007ರ ಮೇ 5, ಶನಿವಾರ ಬೆಳಿಗ್ಗೆ. ಬೆಂಗಳೂರಿನಲ್ಲಿ, ಟಿವಿ ಪ್ರಸಾರಕ್ಕೆ ಆಟಗಾರರ ಅಂಕಿಅಂಶ ಜೋಡಿಸಿ ಕೊಡುವ ನಮ್ಮ ಕಚೇರಿಯಲ್ಲಿ, ನೈಟ್ ಶಿಫ್ಟ್ ಮುಗಿಯುವ ಹೊತ್ತು. ಅರಿಜೋನಾದಲ್ಲಿ ಇನ್ನೂ ಶುಕ್ರವಾರ ಸಂಜೆ. ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡದ ಹೂಲಿಯೊ ಫ್ರಾಂಕೊ ರ‍್ಯಾಂಡಿ ಜಾನ್ಸನ್ ಎಸೆತಕ್ಕೆ ಹೋಮ್ ರನ್ ಹೊಡೆದರು. ವಯಸ್ಸು 48 ವರ್ಷ 254 ದಿನ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಆ ವಯಸ್ಸಿಗೆ ಇನ್ಯಾರೂ ಹೊಡೆದದ್ದಿಲ್ಲ. ಅದಕ್ಕಿಂತ ಹಿಂದಿನ ದಾಖಲೆಯೂ ಅವರದೇ.

ಕ್ಲೈಂಟ್ ಕಡೆಯ ಪ್ರೊಡ್ಯೂಸರ್ ತಕ್ಷಣ ಪಿಂಗ್ ಮಾಡಿದರು: ಫುಲ್ ಕರಿಯರ್ ಕಾರ್ಡ್ (ಪರದೆಯ ಮೇಲೆ ತೋರಿಸುವ ವೃತ್ತಿಯ ಪಟ್ಟಿ), ಎಲ್ಲ ಲೀಗ್ ಸೇರಿಸಿ, ಈ ಇನ್ನಿಂಗ್ಸ್ ಮುಗಿಯುವುದರೊಳಗೆ. ನನಗೆ ಒಳಗೊಳಗೇ ಖುಷಿ. ಆ ಪ್ರೊಫೈಲ್ ಅನ್ನು ಎರಡು ತಿಂಗಳ ಹಿಂದೆ ನಾನೇ ಕೂತು ಜೋಡಿಸಿದ್ದೆ.

ಜೋಡಿಸುವುದೇನು ಸುಲಭವಿರಲಿಲ್ಲ. ಡೊಮಿನಿಕನ್ ರಿಪಬ್ಲಿಕ್‌ನ ಮನುಷ್ಯ. 1982ರಲ್ಲಿ ಫಿಲಡೆಲ್ಫಿಯಾ ತಂಡ, ಆಮೇಲೆ ಕ್ಲೀವ್‌ಲ್ಯಾಂಡ್, ಟೆಕ್ಸಸ್. 1991ರಲ್ಲಿ 0.341 ಸರಾಸರಿಯೊಂದಿಗೆ ಅಮೆರಿಕನ್ ಲೀಗ್‌ನ ಬ್ಯಾಟಿಂಗ್ ಕಿರೀಟ. 1994ರ ಆಗಸ್ಟ್‌ನಲ್ಲಿ ಆಟಗಾರರ ಮುಷ್ಕರವಾಗಿ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸೇ ರದ್ದಾಯಿತಲ್ಲ, ಮರುವರ್ಷ ಇವರು ಜಪಾನಿನ ಚಿಬಾ ಲೊಟ್ಟೆ ತಂಡಕ್ಕೆ ಹೋದರು. ವಾಪಸ್ ಕ್ಲೀವ್‌ಲ್ಯಾಂಡ್. 1998ರಲ್ಲಿ ಮತ್ತೆ ಲೊಟ್ಟೆ. 1999ರಲ್ಲಿ ಮೆಕ್ಸಿಕೊ, ಅದೇ ವರ್ಷ ಅಮೆರಿಕದ ಟ್ಯಾಂಪಾ ಬೇ ತಂಡಕ್ಕೆ ಒಂದೇ ಒಂದು ಸಲ ಬ್ಯಾಟ್ ಹಿಡಿದು ಸ್ಟ್ರೈಕ್‌ಔಟ್. 2000ದಲ್ಲಿ ಕೊರಿಯಾದ ಸ್ಯಾಮ್‌ಸಂಗ್ ಲಯನ್ಸ್: 0.327, 22 ಹೋಮ್ ರನ್, 110 ಆರ್‌ಬಿಐ (ಅವರ ಹೊಡೆತದಿಂದ ತಂಡಕ್ಕೆ ಬಂದ ರನ್). 2001ರಲ್ಲಿ ಮತ್ತೆ ಮೆಕ್ಸಿಕೊಗೆ ಹೋಗಿ 0.437 ಹೊಡೆದಾಗ, ಆಗಸ್ಟ್ ಕೊನೆಯಲ್ಲಿ ಅಟ್ಲಾಂಟಾ ಬ್ರೇವ್ಸ್ ಅವರನ್ನು ಕೊಂಡಿತು. ಆಗ ಅವರಿಗೆ 43. ಅವರು ಎಲ್ಲವನ್ನೂ ಬಿಟ್ಟು ಮನೆಗೆ ಹೋಗಬಹುದಾಗಿದ್ದ ಆ ವರ್ಷಗಳ ಸಾಲುಗಳನ್ನು ಓದುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇವೆಲ್ಲ ನಮಗೆ ಬರುತ್ತಿದ್ದದ್ದು ಬೇರೆ ಬೇರೆ ಡೇಟಾ ಫೀಡ್‌ಗಳಲ್ಲಿ. ಇಂಗ್ಲಿಷಿನಲ್ಲಿ ಹೆಸರು ‘ಜೆ’ಯಿಂದ, ಜಪಾನಿ ಲಿಪಿಯಲ್ಲಿ ‘ಫುರಿಯೊ’, ಕೊರಿಯನ್‌ನಲ್ಲಿ ‘ಹುಲ್ಲಿಯೊ’. ಹುಟ್ಟಿದ ವರ್ಷ ಈಗಿನ ಫೀಡ್‌ನಲ್ಲಿ 1958. ಹಳೆಯ ಮೀಡಿಯಾ ಗೈಡ್‌ಗಳಿಂದ ಬಂದ ಸಾಲುಗಳಲ್ಲಿ 1961. ಈ 1958-1961ರ ಗೊಂದಲ ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದೆ ಎಂಬ ಹೆಮ್ಮೆಯೂ ಇತ್ತು. ಹೀಗಾಗಿ ಮರ್ಜ್ ಕ್ಯೂನಲ್ಲಿ, ಅಂದರೆ ಒಬ್ಬನೇ ಆಟಗಾರನ ಸಾಲುಗಳನ್ನು ಒಂದಾಗಿಸಲು ಕಾಯುವ ಪಟ್ಟಿಯಲ್ಲಿ, ‘ಫ್ರಾಂಕೊ, ಚಿಬಾ ಲೊಟ್ಟೆ, ಫಸ್ಟ್ ಬೇಸ್, 2004-06’ ಎಂಬ ಮೂರು ಸಾಲು ಬಂದು, ಜನ್ಮದಿನ 1969ರ ಆಗಸ್ಟ್ 19 ಎಂದು ಹಳದಿಯಾಗಿ ಮಿನುಗಿದಾಗ ನಾನು ನಿಲ್ಲಲಿಲ್ಲ. ಇವರದು ಆಗಸ್ಟ್ 23. ಅದೇ ತಿಂಗಳು, ಅದೇ ತಂಡ, ಅದೇ ಫೀಲ್ಡಿಂಗ್ ಜಾಗ. ಈ ಮನುಷ್ಯನ ಹುಟ್ಟಿದ ವರ್ಷ ಎಲ್ಲಿ ಸರಿಯಾಗಿ ಬಂದಿದೆ, ಇದೂ ಅದೇ ತಕರಾರು ಅಂದುಕೊಂಡೆ. ಬ್ಯಾಟಿಂಗ್ ಕಾಲಮ್‌ನಲ್ಲಿ ಒಂದು ಕಡೆ ಬಲ, ಒಂದು ಕಡೆ ಎಡ ಅಂತಿತ್ತು. ಅದಕ್ಕೆ ‘ಸ್ವಿಚ್’ (ಎರಡೂ ಕಡೆಯಿಂದ ಬ್ಯಾಟ್ ಮಾಡುವವರು) ಎಂದು ಹಾಕಿ ಮರ್ಜ್ ಒತ್ತಿದೆ. ದಿನಕ್ಕೆ ಇಷ್ಟು ಸಾಲು ಎಂಬ ಟಾರ್ಗೆಟ್ ಇತ್ತು, ನಿಜ. ಆದರೆ ಆ ‘ಸ್ವಿಚ್’ ಎಂಬ ಪದವನ್ನು ಯಾವ ಟಾರ್ಗೆಟ್ಟೂ ನನ್ನ ಕೈಯಲ್ಲಿ ಬರೆಸಲಿಲ್ಲ.

ಕಾರ್ಡ್ ಕಳಿಸಿದೆ. ಎರಡು ನಿಮಿಷಕ್ಕೆ ಪ್ರೊಡ್ಯೂಸರ್ ಪ್ರಶ್ನೆ: 2005ರಲ್ಲಿ ಇವರು ಅಟ್ಲಾಂಟಾದಲ್ಲಿದ್ದರು, ಜಪಾನ್ ಸೀರೀಸ್ ಗೆದ್ದದ್ದು ಹೇಗೆ?

ನಾನು ಟೈಪ್ ಮಾಡಿದ್ದು ‘ಫೀಡ್ ವೆರಿಫೈಡ್’. ರೆಕಾರ್ಡ್ ತೆರೆದು ನೋಡದೆ.

ಆಮೇಲೆ ತೆರೆದೆ. 2004: ಅಟ್ಲಾಂಟಾ, ಚಿಬಾ. 2005: ಅಟ್ಲಾಂಟಾ, ಚಿಬಾ. 2006: ಮೆಟ್ಸ್, ಚಿಬಾ. ಮೂರು ವರ್ಷ ಒಬ್ಬನೇ ಮನುಷ್ಯ ಎರಡು ಖಂಡಗಳಲ್ಲಿ ಪೂರ್ತಿ ಸೀಸನ್ ಆಡಿದ್ದ. ಬೆರಳು ತಣ್ಣಗಾದವು. ಪಕ್ಕದ ಸೀಟಿನ ಸಹೋದ್ಯೋಗಿ ಬಗ್ಗಿ ನೋಡಿ ಮೆಲ್ಲಗೆ ಹೇಳಿದ: ‘ಅದು ಮ್ಯಾಟ್ ಫ್ರಾಂಕೊ ಅಲ್ವಾ?’

ಹೌದು, ಮ್ಯಾಟ್ ಫ್ರಾಂಕೊ. ಎಡಗೈ ಬ್ಯಾಟರ್. 2002, 2003ರಲ್ಲಿ ಅಟ್ಲಾಂಟಾದಲ್ಲಿ ಇದೇ ಹೂಲಿಯೊ ಜೊತೆ ಫಸ್ಟ್ ಬೇಸ್ ಹಂಚಿಕೊಂಡವರು. ಆಮೇಲೆ ಅವರೂ ಹೋದದ್ದು ಚಿಬಾ ಲೊಟ್ಟೆಗೇ, 1995ರಲ್ಲಿ ಹೂಲಿಯೊಗೆ ಮ್ಯಾನೇಜರ್ ಆಗಿದ್ದ ಬಾಬಿ ವ್ಯಾಲೆಂಟೈನ್ ಕೈಕೆಳಗೇ.

ನಮ್ಮ ಟೂಲ್‌ನಲ್ಲಿ ಮರ್ಜ್‌ಗೆ ಒಂದು ಬಟನ್ ಇತ್ತು, ಅನ್‌ಮರ್ಜ್‌ಗೆ ಇರಲಿಲ್ಲ. ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಇನ್ನೊಂದು ಟೈಮ್‌ಝೋನ್‌ನಲ್ಲಿ. ಒಂದೊಂದೇ ಸೀಸನ್ ಓವರ್‌ರೈಡ್ ಮಾಡಬೇಕು, ಪ್ರತಿಯೊಂದಕ್ಕೂ ಸೂಪರ್‌ವೈಸರ್ ಪಾಸ್‌ವರ್ಡ್, ಸೂಪರ್‌ವೈಸರ್ ಹ್ಯಾಂಡೋವರ್ ಕಾಲ್‌ನಲ್ಲಿ. ಗಾಜಿನಾಚೆ ನಿಂತು ಕೈಸನ್ನೆ ಮಾಡಿದೆ, ಅವರು ಒಂದು ನಿಮಿಷ ಎಂದು ಬೆರಳೆತ್ತಿದರು. ಆ ಒಂದು ನಿಮಿಷ ನನಗೆ ಇವತ್ತಿಗೂ ಮುಗಿದಿಲ್ಲ. ಒಳಗೆ ಬಂದು ಮೂರನೇ ಸಾಲು ತೆಗೆಯುವಷ್ಟರಲ್ಲಿ ಚಾಟ್‌ನಲ್ಲಿ ಬಂತು: ಕಾರ್ಡ್ ಡ್ರಾಪ್ಡ್. ಅಷ್ಟೂ ಲೀಗ್‌ಗಳ ಆ ಬದುಕು ಪರದೆಗೆ ಬರಲೇ ಇಲ್ಲ. ವಯಸ್ಸು ಮಾತ್ರ ಬಂತು.

ಮ್ಯಾನೇಜ್‌ಮೆಂಟ್‌ನವರು ಆಮೇಲೆ ಮರ್ಜ್ ಸ್ಕ್ರೀನಿಗೆ ಇನ್ನೊಂದು ಚೆಕ್‌ಬಾಕ್ಸ್ ಸೇರಿಸಿದರು. ನಾವು ಕೇಳಿದ್ದು ಅನ್‌ಮರ್ಜ್. ಒಬ್ಬ ಆಟಗಾರ ಒಂದೇ ದಿನ ಎರಡು ಊರಿನಲ್ಲಿದ್ದರೆ ಕೆಂಪು ದೀಪ ಹತ್ತಲಿ ಎಂದೂ ಕೇಳಿದ್ದೆವು. ಅದು ಬರಲು ಒಂದು ವರ್ಷದ ಮೇಲಾಯಿತು.

ಮನೆಗೆ ಹೋಗುವ ಕ್ಯಾಬ್‌ನಲ್ಲಿ ನನಗೆ ಹೆಚ್ಚು ಚುಚ್ಚಿದ್ದು ಮ್ಯಾಟ್ ಫ್ರಾಂಕೊ ವಿಷಯ. ಲೊಟ್ಟೆ 2005ರಲ್ಲಿ ಜಪಾನ್ ಸೀರೀಸ್ ಗೆದ್ದದ್ದು 1974ರ ನಂತರ ಮೊದಲ ಸಲ. ಅವರ ವೃತ್ತಿಯ ಆ ದೊಡ್ಡ ವರ್ಷವನ್ನು ಎರಡು ತಿಂಗಳು ನಾನು ಬೇರೆಯವರ ಹೆಸರಿಗೆ ಬರೆದಿಟ್ಟಿದ್ದೆ, ಅವರ ಪುಟದಲ್ಲಿ 2003ಕ್ಕೇ ಆಟ ಮುಗಿದಿತ್ತು. ಮತ್ತೆ ಹೂಲಿಯೊ. ಬ್ಯಾಟನ್ನು ತಲೆಯ ಮೇಲಿಂದ ಬಾಗಿಸಿ, ತುದಿಯನ್ನು ಪಿಚ್ಚರ್ ಕಡೆಗೇ ತಿರುಗಿಸಿ ನಿಲ್ಲುವ ಬಲಗೈ ಬ್ಯಾಟರ್. ಒಂದು ಸಲ ಆಡುವುದನ್ನು ನೋಡಿದ್ದವರು ಯಾರೂ ‘ಸ್ವಿಚ್’ ಎಂದು ಬರೆಯುತ್ತಿರಲಿಲ್ಲ. ನಾನು ಅವರ ಇಪ್ಪತ್ತೈದು ವರ್ಷದ ಅಂಕಿ ಜೋಡಿಸಿದ್ದೆ, ಅವರು ಆಡಿದ ಒಂದು ಎಸೆತವನ್ನೂ ನೋಡಿರಲಿಲ್ಲ. ಅಂದಿನಿಂದ ಹಳದಿ ಸಾಲು ಬಂದರೆ ಮೊದಲು ಆ ಆಟಗಾರನ ಒಂದು ವಿಡಿಯೊ ಹುಡುಕುತ್ತೇನೆ, ಟಾರ್ಗೆಟ್ ತಪ್ಪಿದರೂ ಸರಿ. ಎರಡು ಅಪ್ರೈಸಲ್‌ನಲ್ಲಿ ಅದಕ್ಕೆ ಮಾರ್ಕ್ಸ್ ಕಡಿಮೆಯಾಗಿದೆ.

2015ರಲ್ಲಿ ಕ್ಯೂಗೆ ಒಂದು ಸಾಲು ಬಂತು: ಜಪಾನಿನ ಬಿಸಿ ಲೀಗ್, ಇಶಿಕಾವಾ ಮಿಲಿಯನ್ ಸ್ಟಾರ್ಸ್, ಆಟಗಾರ-ಮ್ಯಾನೇಜರ್, ಫ್ರಾಂಕೊ, ವಯಸ್ಸು 56. ಟೂಲ್ ಕೆಂಪಾಗಿತ್ತು: ವಯಸ್ಸು ಮಿತಿ ಮೀರಿದೆ. ಹೊಸ ಹುಡುಗಿ ರಿಜೆಕ್ಟ್ ಮೇಲೆ ಕರ್ಸರ್ ಇಟ್ಟಿದ್ದಳು. ನಾನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ, ‘ತಾಳು, ಇದು ಅವರೇ ಇರಬಹುದು, ಮೊದಲು ವಿಡಿಯೊ ನೋಡೋಣ’ ಅಂದೆ.