ಊರ ನಡುವೆ ಜಲ್ಲಿ ರನ್‌ವೇ

ಕೆನಡಾದ ಉತ್ತರ ತುದಿಯ ನುನಾವುತ್ ಪ್ರಾಂತ್ಯದಲ್ಲಿ ಊರಿಂದೂರಿಗೆ ರಸ್ತೆಯೇ ಇಲ್ಲ. ಬೇಸಿಗೆಯಲ್ಲಿ ಸಮುದ್ರದ ಮಂಜುಗಡ್ಡೆ ಕರಗಿದಾಗ ಹಡಗು ಬರುತ್ತದೆ. ಮಿಕ್ಕಂತೆ ಎಲ್ಲದಕ್ಕೂ ವಿಮಾನವೇ ಗತಿ. ಕೆನಡಾದ ರಾಜಧಾನಿ ಆಟವಾದಲ್ಲಿದ್ದಾಗ ನಾನು ಕಂಪ್ಯೂಟರ್ ಜೋಡಿಸುವ ಕೆಲಸದ ಮೇಲೆ ಬ್ಯಾಫಿನ್ ದ್ವೀಪದ ಪಾಂಗ್‌ನಿರ್ತುಂಗ್‌ಗೆ ಹೋಗಿದ್ದೆ. ಸುಮಾರು 1,500 ಜನರ ಊರು, ಹೆಚ್ಚಿನವರು ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನುಯಿಟ್ ಜನ. ಎಲ್ಲರೂ ಚಿಕ್ಕದಾಗಿ 'ಪಾಂಗ್' ಅನ್ನುತ್ತಾರೆ.

ನುನಾವುತ್‌ನ ರಾಜಧಾನಿ ಇಕಾಲುಯಿಟ್‌ನಿಂದ ಹೆಚ್ಚುಕಮ್ಮಿ ಒಂದು ಗಂಟೆ ದಾರಿ. ಎಟಿಆರ್ ವಿಮಾನದ ಮುಂಭಾಗದಲ್ಲಿ ಸರಕು, ಹಿಂದೆ ನಾವು. ಕಡಿದಾದ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಕಡೆ ವಿಮಾನ ಇಳಿಯತೊಡಗಿತು. ದೇವನಹಳ್ಳಿಯ ರನ್‌ವೇ 4 ಕಿಲೋಮೀಟರ್ ಉದ್ದ. ಇಲ್ಲಿಯದು 900 ಮೀಟರೂ ಇಲ್ಲ, ಅದೂ ಬರೀ ಜಲ್ಲಿ. ಚಕ್ರ ತಾಗಿದ್ದೇ ತಡ ಗರಗರ ಸದ್ದು, ಹಿಂದೆ ಧೂಳು. ಕಿಟಕಿಯಾಚೆ ನೋಡಿದರೆ ಮನೆಗಳು! ರನ್‌ವೇ ಇರುವುದೇ ಊರಿನ ನಟ್ಟನಡುವೆ. ಬೇರೆ ಕಡೆ ಮಾಡಬೇಕೆಂಬ ಮಾತು ವರ್ಷಗಳಿಂದ ಇದೆಯಂತೆ. ಸುತ್ತ ಬೆಟ್ಟ, ಸಮತಟ್ಟು ಜಾಗ ಸಿಗಬೇಕಲ್ವಾ?

ಡಾಂಬರು ಯಾಕಿಲ್ಲ ಅಂತ ಅಲ್ಲಿ ಜಲ್ಲಿ ಮಟ್ಟ ಮಾಡುವ ಗ್ರೇಡರ್ ಯಂತ್ರ ಓಡಿಸುವವರನ್ನು ಕೇಳಿದೆ. ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಕಪ್ಪು ಡಾಂಬರು ಬಿಸಿಲು ಹೀರಿಕೊಂಡರೆ ಆ ಮಣ್ಣು ಕರಗಿ ಕುಸಿಯಬಹುದು. ಜಲ್ಲಿಯಾದರೆ ಮತ್ತೆ ಹರಡಿ ಮಟ್ಟ ಮಾಡಿದರಾಯಿತು. ಆದರೆ ಕಲ್ಲು ಎಗರಿ ಎಂಜಿನ್ನಿಗೆ ಬಡಿಯುತ್ತದೆ. ಅದಕ್ಕೇ ಇಲ್ಲಿಗೆ ಹೆಚ್ಚಾಗಿ ಎತ್ತರದ ರೆಕ್ಕೆಯ, ಪ್ರೊಪೆಲ್ಲರ್ ವಿಮಾನಗಳೇ ಬರುತ್ತವೆ.

ವಾಪಸ್ ಹೊರಡುವ ದಿನ ಗಾಳಿಯೋ ಗಾಳಿ. ವಿಮಾನ ಇಕಾಲುಯಿಟ್‌ನಿಂದ ಹೊರಟೇ ಇರಲಿಲ್ಲ. ಪುಟ್ಟ ಟರ್ಮಿನಲ್‌ನಲ್ಲಿ ನಾನೊಬ್ಬನೇ ಗಡಿಯಾರ ನೋಡುತ್ತಿದ್ದವನು. ಉಳಿದವರು ಹರಟೆ ಹೊಡೆಯುತ್ತಿದ್ದರು. ಒಬ್ಬ ತುಂಬುಗರ್ಭಿಣಿ, ಜೊತೆಗೆ ಅವಳಮ್ಮ, ಒಂದು ಚಿಕ್ಕ ಹುಡುಗ. ಪಾಂಗ್‌ನಲ್ಲಿ ಆಸ್ಪತ್ರೆ ಇಲ್ಲ, ನರ್ಸ್‌ಗಳಿರುವ ಆರೋಗ್ಯ ಕೇಂದ್ರ ಮಾತ್ರ. ಹಾಗಾಗಿ ದಿನ ತುಂಬುವ ಕೆಲವು ವಾರ ಮೊದಲೇ ಇಕಾಲುಯಿಟ್‌ಗೆ ಹೋಗಿ ಕಾಯಬೇಕು. ನಮ್ಮಲ್ಲಿ ಹೆರಿಗೆಗೆ ತವರಿಗೆ ಬರುತ್ತಾರೆ. ಇವಳು ತವರು ಬಿಟ್ಟು, ಹಿರಿಮಗನನ್ನೂ ಬಿಟ್ಟು ಹೊರಟಿದ್ದಳು. ಈ ಜಲ್ಲಿ ಪಟ್ಟಿ ಇರುವುದರಿಂದಲೇ ಅವಳು ಹೋಗಬಲ್ಲಳು, ನಿಜ. ಆದರೂ ರನ್‌ವೇ ಇದ್ದಮಾತ್ರಕ್ಕೆ ಊರಿಗೆ ಎಲ್ಲ ಸಿಕ್ಕಿತು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಸಂಜೆ ಹೊತ್ತಿಗೆ ಗಾಳಿ ಇಳಿಯಿತು, ವಿಮಾನ ಬಂತು. ಅವಳಿಗೆ ನನ್ನ ಪಕ್ಕದ ಸೀಟೇ ಸಿಕ್ಕಿತು. ಅವಳ ಕಾಲ ಬಳಿ ಒಂದು ಡಬ್ಬ, ಒಳಗೆ ಹೆಪ್ಪುಗಟ್ಟಿಸಿದ ಚಾರ್ ಮೀನು. ಇಕಾಲುಯಿಟ್ ಅಂಗಡಿಯ ಮೀನು ತನಗೆ ಸೇರೋದಿಲ್ಲ, ಅದಕ್ಕೇ ಅಮ್ಮ ಕಟ್ಟಿಕೊಟ್ಟಿದ್ದು ಅಂದಳು.