ಬಯಲಿನ ಬಾಣಂತಿಯರು

ಫೆಬ್ರುವರಿಯ ಆ ಬೆಳಿಗ್ಗೆ ಜೀಪು ನಿಂತೊಡನೆ ಮೂಗಿಗೆ ಬಡಿದದ್ದು ಸಗಣಿ, ತುಳಿದ ಹಸಿಹುಲ್ಲು, ಜೊತೆಗೆ ಆಗಷ್ಟೇ ಕರು ಹಾಕಿದ ಕೊಟ್ಟಿಗೆಯ ವಾಸನೆ. ಸಿಂಹ ಹುಡುಕೋಣ ಎಂದು ಅಳಿಯಂದಿರ ಹಟ. ನಾನಂತೂ ಇಲ್ಲಿಂದ ಕದಲುವುದಿಲ್ಲ ಎಂದುಬಿಟ್ಟೆ.

ಮಗಳು ಆಫ್ರಿಕಾದ ಟಾಂಜಾನಿಯಾದಲ್ಲಿ, ದಾರ್ ಎಸ್ ಸಲಾಮ್‌ನಲ್ಲಿದ್ದಾಳೆ. ಅವಳು ನನ್ನನ್ನು ಕರೆತಂದದ್ದು ಎನ್‌ಡೂಟುವಿಗೆ, ಸೆರೆಂಗೆಟಿಯ ದಕ್ಷಿಣದ ಬಯಲಿಗೆ. ಚಾಲಕರು ಐವತ್ತು ದಾಟಿದ ಮಸಾಯಿ, ದನ ಸಾಕುವ ಬುಡಕಟ್ಟಿನವರು; ನನ್ನನ್ನು ‘ಮಾಮಾ’ ಎಂದೇ ಕರೆಯುತ್ತಿದ್ದರು. ಸ್ವಾಹಿಲಿಯಲ್ಲಿ ಹಾಗೆಂದರೆ ಅಮ್ಮ. ಎರಡು ದಿನ ಕಳೆದರೂ ನನಗೆ ನಗು ತಡೆಯುತ್ತಿರಲಿಲ್ಲ.

ಕಣ್ಣು ಹಾಯುವಷ್ಟು ದೂರ ವೈಲ್ಡ್‌ಬೀಸ್ಟ್‌ಗಳು, ದನದಂಥ ಮೈಯ ಹುಲ್ಲೆಗಳು. ಉದ್ದ ಮೋರೆ, ಇಳಿಜಾರು ಬೆನ್ನು, ಗೊಣಗುವ ದನಿ, ಅಂದದ ಪ್ರಾಣಿಯೇನಲ್ಲ. ಇಪ್ಪತ್ತು ಮಾರು ದೂರದಲ್ಲಿ ಒಂದು ಮಲಗಿತ್ತು. ಬಾಲ ಎತ್ತಿದಾಗ ಎರಡು ಮುಂಗಾಲು ಕಂಡವು, ಗೊರಸಿನ ತುದಿಗೆ ಬೆಣ್ಣೆ ಮೆತ್ತಿದಂಥ ಬಿಳಿ ಪದರ. ಎದ್ದು ನಾಲ್ಕು ಹೆಜ್ಜೆ ನಡೆಯಿತು, ಮತ್ತೆ ಮಲಗಿತು. ‘ಮೂತಿ ಕಾಣಿಸಿತು, ಇನ್ನು ಭಯವಿಲ್ಲ’ ಎಂದು ಜೋರಾಗಿ ಹೇಳಿಯೇಬಿಟ್ಟೆ. ‘ಅಮ್ಮಾ, ಮೆಲ್ಲಗೆ’ ಎಂದಳು ಮಗಳು.

ಕರು ಜಾರಿ ಬಿತ್ತು. ಗೋಧಿ ಬಣ್ಣದ ಮೈ, ಮಸಿ ಬಳಿದ ಮುಖ. ಎದ್ದಿತು, ಹಿಂಗಾಲು ಅಡ್ಡಾದಿಡ್ಡಿಯಾಗಿ ಬಿತ್ತು. ಮತ್ತೆ ಎದ್ದಿತು, ಈ ಸಲ ಮೂಗು ಮಣ್ಣಿಗೆ. ಅದನ್ನು ಒರೆಸಲು ನನ್ನ ಕೈ ತಾನಾಗಿ ಸೆರಗು ಹುಡುಕಿತು. ಮೈಮೇಲಿದ್ದದ್ದು ಮಗಳ ಜಾಕೆಟ್. ಏಳನೆಯ ನಿಮಿಷಕ್ಕೆ ನಾಲ್ಕೂ ಕಾಲೂರಿ ನಿಂತಿತು. ನಾವು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಳ್ಳುವಷ್ಟರಲ್ಲಿ ಮಾಸು ಇನ್ನೂ ಬೀಳದ ತಾಯಿಯ ಹಿಂದೆ ಓಡುತ್ತಿತ್ತು. ನಮ್ಮ ಗೌರಿಯ ಕರುಗಳಿಗೆ ಮುಕ್ಕಾಲು ಗಂಟೆ ಬೇಕಿತ್ತು, ಅದೂ ಅಪ್ಪ ಎತ್ತಿ ಹಿಡಿದರೆ.

ಈ ಬಯಲಿನ ಮಣ್ಣು ಜ್ವಾಲಾಮುಖಿಯ ಬೂದಿ. ಸುಣ್ಣ, ರಂಜಕ ಹೇರಳವಾಗಿರುವ ಗಿಡ್ಡ ಹುಲ್ಲು. ಬಾಣಂತಿಯ ಪಥ್ಯವನ್ನು ನೆಲವೇ ಬಡಿಸುತ್ತದೆ. ಹೆಚ್ಚಿನವು ಎರಡು ಮೂರು ವಾರಗಳೊಳಗೇ ಈಯುತ್ತವೆ. ಒಮ್ಮೆಲೇ ಅಷ್ಟು ಕರುಗಳನ್ನು ಕತ್ತೆಕಿರುಬಗಳಾದರೂ ಎಷ್ಟೆಂದು ತಿಂದಾವು?

‘ನಮ್ಮಪ್ಪ ಹುಡುಗನಾಗಿದ್ದಾಗ ಇಷ್ಟಿರಲಿಲ್ಲ ಮಾಮಾ’ ಎಂದರು ಚಾಲಕರು. 1961ರಲ್ಲಿ ಎರಡೂವರೆ ಲಕ್ಷದಷ್ಟಿದ್ದವು 1977ರ ಹೊತ್ತಿಗೆ ಹದಿಮೂರು ಲಕ್ಷವಾದವಂತೆ. ಕಾರಣ ಕೇಳಿದರೆ ಒಂದೇ ಮಾತು: ‘ಸೊತೋಕಾ’. ಮಗಳು ಮೊಬೈಲ್‌ನಲ್ಲಿ ಹುಡುಕಿ ‘ರಿಂಡರ್‌ಪೆಸ್ಟ್ ಅಂತೆ’ ಎಂದಳು.

ದೊಡ್ಡರೋಗ! ಅಜ್ಜಿ ದೀಪ ಹಚ್ಚಿದ ಮೇಲೆ ಬಾಯಲ್ಲಿ ಆಡದ ಹೆಸರು. ಒಂದೇ ವಾರದಲ್ಲಿ ಹನ್ನೊಂದು ದನ ಹೋಗಿ, ಹೂಳಲು ಆಳು ಸಿಗದೆ, ಅಜ್ಜ ಗೂಟಗಳನ್ನೇ ಕಿತ್ತು ಒಲೆಗೆ ಹಾಕಿದ್ದರಂತೆ. ಅದೇ ರೋಗ ಹಡಗೇರಿದ ದನಗಳೊಂದಿಗೆ ಈ ಖಂಡಕ್ಕೆ ಬಂದು 1890ರ ದಶಕದಲ್ಲಿ ಮಸಾಯಿಗಳ ಹಿಂಡುಗಳನ್ನು ಗುಡಿಸಿಹಾಕಿತ್ತು. ಆಮೇಲೆಯೂ ದಶಕಗಳ ಕಾಲ ವೈಲ್ಡ್‌ಬೀಸ್ಟ್ ಕರುಗಳನ್ನು ತಿನ್ನುತ್ತಲೇ ಇತ್ತು. ಸುತ್ತಲಿನ ಹಳ್ಳಿಗಳ ದನಗಳಿಗೆ ಲಸಿಕೆ ಹಾಕಿದ್ದೇ ತಡ, 1960ರ ದಶಕದಲ್ಲಿ ಕಾಡಿನಿಂದಲೂ ಕಾಲ್ತೆಗೆಯಿತು. ಒಂದೇ ಒಂದು ವೈಲ್ಡ್‌ಬೀಸ್ಟ್‌ಗೂ ಯಾರೂ ಸೂಜಿ ಚುಚ್ಚಿರಲಿಲ್ಲ. ಹಿಂಡು ಹಿಗ್ಗಿ ಹುಲ್ಲು ಮೇಯ್ದದ್ದರಿಂದ ಕಾಳ್ಗಿಚ್ಚು ಕಡಿಮೆಯಾಗಿ ಮರದ ಸಸಿಗಳೂ ಬದುಕಿದವಂತೆ. 2011ರಲ್ಲಿ ಆ ರೋಗವೇ ಭೂಮಿಯ ಮೇಲಿಲ್ಲವೆಂದು ಘೋಷಿಸಿದರು. ಅಜ್ಜಿ ಇದ್ದಿದ್ದರೆ ನಂಬುತ್ತಿರಲಿಲ್ಲ.

ಮಗಳು ನನ್ನ ಕಥೆಯನ್ನು ಸ್ವಾಹಿಲಿಗೆ ತಿರುಗಿಸಿ ಹೇಳಿದಳು. ಚಾಲಕರು ದೂರದರ್ಶಕ ಇಳಿಸಿ, ಅಜ್ಜಿಗೆ ಕೊನೆಗೆ ಉಳಿದದ್ದೆಷ್ಟು ಎಂದು ಕೇಳಿದರು.

‘ಒಂದು ಕಡಸು. ಗೌರಿ ಅದರ ಸಂತತಿಯೇ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದರ ಬಣ್ಣ ಯಾವುದು ಎಂದರು.

‘ಕೆಂಪು,’ ಎಂದೆ, ‘ಹಣೆಯಲ್ಲಿ ಬಿಳಿ ಬೊಟ್ಟು.’